ಅಂಕಪಟ್ಟಿಗೆ ಸಿಕ್ಕದ ಪಾಠ

ಮುಂಗಾರಿನೊಡನೆ ತೆರೆದ ಶಾಲೆ ಬೇಸಿಗೆಯಲ್ಲಿ ಮುಚ್ಚಿದಾಗ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ: ಅಂಕ ಎಷ್ಟು? ಯಶಪಾಲ್ ಸಮಿತಿಯು 1993ರಲ್ಲಿಯೇ, ಚೀಲದ ಭಾರಕ್ಕಿಂತಲೂ ಪಾಠ ಅರ್ಥವಾಗದಿರುವ ಭಾರವೇ ಮಕ್ಕಳಿಗೆ ಹೆಚ್ಚಿನದೆಂದಿತು. 2020ರ ನೀತಿಯು ಚೀಲಕ್ಕೆ ಮಗುವಿನ ತೂಕದ ಶೇಕಡ 10ರ ಮಿತಿಯನ್ನು ವಿಧಿಸಿತು. ಚೀಲವನ್ನೇನೋ ತೂಗಬಹುದು; ಅರ್ಥವಾಗದ ಪಾಠವನ್ನು ತೂಗುವ ತಕ್ಕಡಿ ಯಾವುದು?

ನನ್ನ ಮಗಳು ಐದನೆಯ ತರಗತಿಯಲ್ಲಿ ಭಿನ್ನರಾಶಿಯ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುತ್ತಿದ್ದಳು. ಯುಗಾದಿಯಂದು ತಾಯಿ ಹೋಳಿಗೆಯನ್ನು ಪಾಲು ಮಾಡುತ್ತಿದ್ದಾಗ ಕೇಳಿದಳು: “ನಾಲ್ಕು ಎರಡಕ್ಕಿಂತ ದೊಡ್ಡದು, ಕಾಲುಭಾಗ ಮಾತ್ರ ಅರ್ಧಕ್ಕಿಂತ ಚಿಕ್ಕದೇಕೆ?” ಆ ಪ್ರಶ್ನೆಗೆ ಯಾವ ಪರೀಕ್ಷೆಯಲ್ಲಿಯೂ ಅಂಕವಿರಲಿಲ್ಲ, ಆ ವರ್ಷದ ನಿಜವಾದ ಕಲಿಕೆಯಾದರೋ ಅದರಲ್ಲಿಯೇ ಇತ್ತು.

ಶ್ರೋತೃಗಳೇ, ಅಂಕಪಟ್ಟಿಗೆ ಸಹಿ ಹಾಕುವ ಮುನ್ನ, “ಈ ವರ್ಷ ನಿನಗೆ ತಿಳಿಯದೆ ಉಳಿದದ್ದು ಯಾವುದು?” ಎಂದು ಕೇಳಿ ನೋಡೋಣ. ಉತ್ತರಿಸಲು ಮಗು ಅಂಜದಿದ್ದರೆ ಆ ವರ್ಷ ಸಾರ್ಥಕ.