ಬೀರುವಿಗೆ ಬೀಗ, ಓದುಗನಿಗೆ ಬೆಂಚು



ಮನೆಗಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ, ಗೊತ್ತೇ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕ: ಕಂದಾಯದ ನೂರು ರೂಪಾಯಿಗೆ 6. ಬಾಡಿಗೆ ಮನೆಯವರೂ ತಪ್ಪಿಸಿಕೊಂಡಿಲ್ಲ, ಬಾಡಿಗೆಯಲ್ಲೇ ಅದು ಸೇರಿದೆ. ಆದರೆ ಎಷ್ಟೋ ಬಡಾವಣೆಗಳ ಶಾಖೆಯಲ್ಲಿ ಸಿಗುವುದೇನು? ಮಂಕು ದೀಪ, ಪತ್ರಿಕೆಯ ಮೇಜು, ಬೀಗ ಜಡಿದ ಬೀರು. ಒಳಗೆ ಕುವೆಂಪು, ಬೇಂದ್ರೆ, ತೇಜಸ್ವಿ, ಹೊರಗೆ ನಾವು!

ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರ ಬರೆದರು. ಪುಸ್ತಕ ಬಳಕೆಯಾಗಬೇಕು ಎಂಬ ಮೊದಲ ಸೂತ್ರದಿಂದಲೇ ಕಟ್ಟಡ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂದೆಲ್ಲ ವಿವರಿಸಿದರು. ತಮಿಳರಾದ ಅವರು 1962ರಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಮನೆಯಲ್ಲೇ ಇದ್ದ ಮೇಷ್ಟರ ಪಾಠ ಪಕ್ಕದ ಬೀದಿಗೆ ತಲುಪಿಲ್ಲ.

ಮೊದಲು ಬೀಗ ತೆಗೆಯಲಿ. ಕೈಗೆಟುಕುವ ತೆರೆದ ಕಪಾಟು ಬರಲಿ. ಬಾಗಿಲ ಎದುರಿಗೇ ಹೊಸ ಕನ್ನಡ ಪುಸ್ತಕ, ಮುಖಪುಟ ಕಾಣುವಂತೆ. ದುಡಿಯುವ ಹುಡುಗ ಬಿಡುವಾಗುವುದು ರಾತ್ರಿ ಏಳರ ಮೇಲೆ, ಆಗ ದೀಪ ಉರಿಯುತ್ತಿರಬೇಕು. ಹೆಣ್ಣುಮಕ್ಕಳು ಮೂರು ತಾಸು ಕೂತು ಓದಬೇಕಾದರೆ ಶುಚಿಯಾದ ಶೌಚಾಲಯ ಬೇಕು, ಇದನ್ನು ವೇದಿಕೆಯಲ್ಲಿ ಹೇಳಲು ಸಂಕೋಚವೇಕೆ? ಕೆಎಎಸ್ ಪರೀಕ್ಷೆಗೆ ಓದುವವರಿಗೆ ಮೌನದ ಕೋಣೆ, ಮಕ್ಕಳ ಕತೆಗೂ ಕವಿಗೋಷ್ಠಿಗೂ ಗದ್ದಲದ ಕೋಣೆ. ಲ್ಯಾಪ್‌ಟಾಪಿಗೆ ಪ್ಲಗ್ಗು. ಕುರ್ಚಿ, ಗಾಳಿ, ಪ್ಲಗ್ಗು ಕೊಡುವ ಕಾಫಿ ಅಂಗಡಿಯವನು ಲೋಟಕ್ಕೆ ದುಬಾರಿ ಬೆಲೆ ಕೀಳುತ್ತಾನೆ. ಇಲ್ಲಿ ನಾವು ಮೊದಲೇ ದುಡ್ಡು ಕೊಟ್ಟಾಗಿದೆ.

ಮನವಿ ಪತ್ರ ಬಾಗಿಲ ಬಳಿಯ ಮೇಜಿನ ಮೇಲಿದೆ. ಸಹಿಯ ಪಕ್ಕದಲ್ಲಿ ನಿಮ್ಮ ವಾರ್ಡಿನ ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆಂದೂ ಬರೆಯಿರಿ.