ಬಿಡುವು ಎಂಬ ಅಮಾನತ್ತು



ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳ ಜನ ನಷ್ಟಕ್ಕೊಳಗಾಗುತ್ತಾರೆ ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದಾರೆ. 2020ರ ಕೊರೋನಾ ಕಾಲದಲ್ಲಿ ಆರೋಗ್ಯದ ಬೆಲೆ ಎಲ್ಲರಿಗೂ ತಿಳಿಯಿತು. ಬಿಡುವಿನ ಬೆಲೆಯನ್ನು ನನಗೆ ತಿಳಿಸಿದವರು ಪೀಣ್ಯದ ಗಾರ್ಮೆಂಟ್ಸ್ ಮಹಿಳೆಯರು.

ಆ ವರ್ಷ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂತು. ಕಲಬುರಗಿ, ಯಾದಗಿರಿ, ರಾಯಚೂರಿನಿಂದಲೂ ಬಿಹಾರ, ಒಡಿಶಾದಿಂದಲೂ ದುಡಿಯಲು ಬಂದವರು ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಕೊಂಡರು. ಎಷ್ಟೋ ಮನೆಗಳಲ್ಲಿ ಸಂಬಳ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಶ್ರಮಿಕ್ ರೈಲುಗಳು ಹೊರಟ ಮೇಲೂ ನಮ್ಮ ಸರ್ಕಾರ ಕೆಲವು ದಿನ ಅವನ್ನು ನಿಲ್ಲಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಗಂಡ, ಮಕ್ಕಳು ದಿನವಿಡೀ ಮನೆಯಲ್ಲಿದ್ದುದರಿಂದ ಹೆಂಗಸರಿಗೆ ಒಲೆಯ ಕೆಲಸ ಹೆಚ್ಚಿತು. ಇದನ್ನು ಬಿಡುವು ಎನ್ನಲಾಗದು. ಕೆಲಸವಿಲ್ಲದಿರುವುದು ಬೇರೆ, ಬಿಡುವು ಬೇರೆ.

ಆದರೂ ಅವರು ಸ್ವಲ್ಪ ಹೊತ್ತನ್ನು ತಮ್ಮದಾಗಿ ಮಾಡಿಕೊಂಡರು. ಗಾರ್ಮೆಂಟ್ಸ್‌ನಲ್ಲಿ ಒಬ್ಬರು ದಿನವೆಲ್ಲ ಕಾಲರ್ ಹೊಲಿದರೆ ಇನ್ನೊಬ್ಬರು ತೋಳು ಹೊಲಿಯುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ. ಪೂರ್ತಿ ಅಂಗಿ ಯಾರೊಬ್ಬರ ಕೈಕೆಲಸವೂ ಅಲ್ಲ. ಅದೇ ಕೈಗಳಿಂದ ಕಲಬುರಗಿ ಕಡೆಯ ತಾಯಂದಿರು ಹಳೆಯ ಸೀರೆ, ದುಪಟ್ಟಾ ಕೂಡಿಸಿ ಕೌದಿ ಹೊಲಿದರು. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಅವರದೇ ಹೊಲಿಗೆ, ಟಾರ್ಗೆಟ್ ಇಲ್ಲ, ಬೈಯುವವರಿಲ್ಲ. ಬಿಹಾರದ ತಾಯಿಯೊಬ್ಬರು ಮಗಳ ಪುಸ್ತಕ ಹಿಡಿದು ಕನ್ನಡ ಅಕ್ಷರ ಕಲಿತರು. ಏಕೆಂದು ಕೇಳಿದೆ. ಬಸ್ಸಿನ ಬೋರ್ಡಿಗಾಗಿ ಇನ್ನು ಮುಂದೆ ಯಾರನ್ನೂ ಕೇಳಬಾರದು ಎಂದರು. ಮೇ 25ರ ಈದ್‌ಗೆ ಈದ್ಗಾಗಳು ಖಾಲಿಯಿದ್ದವು. ಹೊಸ ಬಟ್ಟೆಯಿಲ್ಲದ ಮನೆಗಳಲ್ಲೂ ತಾಯಿ ಮಗಳು ಕುಳಿತು ಮೆಹಂದಿ ಹಚ್ಚಿಕೊಂಡರು. ಯಾರೂ ಕೂಲಿ ಕೊಡದ ಈ ಕೆಲಸಗಳಲ್ಲಿ ಅವರು ತಾವು ಕೇವಲ ಕೂಲಿಯವರಲ್ಲ ಎಂಬುದನ್ನು ಕಂಡುಕೊಂಡರು.

ಈಗ ಕಾರ್ಖಾನೆಗಳು ಮತ್ತೆ ನಡೆಯುತ್ತಿವೆ. ಆ ಅರ್ಧ ಗಂಟೆ ಎಲ್ಲಿ ಹೋಯಿತು? ವಿದ್ಯಾರ್ಥಿಗಳೇ, ನಿಮಗೆ ಆಟದ ಹೊತ್ತಿದೆ. ಅಬ್ಬಾರಿಗೆ ಚಹಾದಂಗಡಿಯ ಹೊತ್ತಿದೆ. ಅಮ್ಮಿಗೆ ಯಾವ ಹೊತ್ತಿದೆ? ಭಾನುವಾರ ಒಂದು ಗಂಟೆ ಪಾತ್ರೆ ನೀವು ತೊಳೆಯಿರಿ, ಆ ಹೊತ್ತನ್ನು ಅವರಿಗೆ ಬಿಡಿ. ಅದರಲ್ಲಿ ಅವರು ಓದಲಿ, ಹೊಲಿಯಲಿ, ಸುಮ್ಮನೆ ಕುಳಿತಿರಲಿ, ಲೆಕ್ಕ ಕೇಳಬೇಡಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಭಾನುವಾರ ಸಂಜೆ ನಮ್ಮ ಓದುಕೋಣೆಯನ್ನು ತಾಯಂದಿರಿಗೆ ತೆರೆಯಿರಿ. ಉರ್ದು, ಕನ್ನಡ ಅಕ್ಷರ ಕಲಿಸಲು ನಾನು ಸಿದ್ಧ. ಬಿಡುವು ಅಲ್ಲಾಹನು ಕೊಟ್ಟ ಅಮಾನತ್ತು. ಅದರಲ್ಲಿ ತಾಯಂದಿರಿಗೂ ಪಾಲಿದೆ, ಅದನ್ನು ಅವರಿಗೆ ಒಪ್ಪಿಸುವ ತೌಫೀಕನ್ನು ಅವನು ನಮಗೆ ನೀಡಲಿ, ಆಮೀನ್.