ಗಣಕ ಸಮ್ಮೇಳನ ಕಲ್ಯಾಣದ ಕಡೆಗೂ ಬರಲಿ!

(ಹುಮನಾಬಾದಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



1998ರಲ್ಲಿ ಬೆಂಗಳೂರಿನಲ್ಲಿ ಐಟಿ ಡಾಟ್ ಕಾಮ್ ಎಂಬ ಗಣಕ ಜಾತ್ರೆ ಶುರುವಾಯಿತು. ಇಂದು ಅದರ ಹೆಸರು ಬೆಂಗಳೂರು ಟೆಕ್ ಸಮಿಟ್. ನಡೆಸುವುದು ನಮ್ಮದೇ ರಾಜ್ಯ ಸರ್ಕಾರ. ಕಾಲು ಶತಮಾನ ದಾಟಿತು, ಹೆಸರು ಬದಲಾಯಿತು, ಊರು ಮಾತ್ರ ಬದಲಾಗಲಿಲ್ಲ!

ಸಾಹಿತ್ಯ ಸಮ್ಮೇಳನವನ್ನು ನೋಡಿ. 1915ರಲ್ಲಿ ಅದೂ ಬೆಂಗಳೂರಿನಲ್ಲೇ ಹುಟ್ಟಿತು. ಆದರೆ ಅಲ್ಲಿಯೇ ಕೂರಲಿಲ್ಲ. 1960ರಲ್ಲಿ ಬೀದರಿಗೆ ಬಂತು, 1985ರಲ್ಲಿ ಬಂತು, 2006ರಲ್ಲಿ ಮತ್ತೆ ಬಂತು. 2020ರಲ್ಲಿ ಕಲಬುರಗಿಯಲ್ಲಿ ನಡೆಯಿತು. ಸಾಹಿತಿಗಳಿಗೆ ಸಿಕ್ಕುವ ದಾರಿ ಎಂಜಿನಿಯರುಗಳಿಗೆ ಸಿಕ್ಕುವುದಿಲ್ಲವೇ?

"ಅಲ್ಲಿಗೆ ಬರುವುದು ಹೇಗೆ?" ಎನ್ನುತ್ತಾರೆ. ಪುಣೆ-ಹೈದರಾಬಾದ್ ಹೆದ್ದಾರಿ ಈ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ಬೀದರ್-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಪೂರ್ಣವಾಗಿ ತೆರೆಯಿತು. ಅದಕ್ಕೆ ಮುಂಚೆ ರೈಲಿನಲ್ಲಿ ಕಲಬುರಗಿಗೆ ಹೋಗಬೇಕೆಂದರೆ ಬೀದರಿನವರು ವಿಕಾರಾಬಾದ್ ಸುತ್ತಬೇಕಿತ್ತು. ಪಕ್ಕದ ಜಿಲ್ಲಾ ಕೇಂದ್ರಕ್ಕೆ ಪರರಾಜ್ಯದ ದಾರಿ! ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವೂ ಇದೆ.

ಆದರೂ ಇದ್ದದ್ದು ಇದ್ದ ಹಾಗೆ ಹೇಳೋಣ. ಟೆಕ್ ಸಮಿಟ್‌ನಷ್ಟು ಜನ ಒಮ್ಮೆಗೇ ಬಂದಿಳಿದರೆ ಹುಮನಾಬಾದ್, ಬಸವಕಲ್ಯಾಣ ಎರಡೂ ಸೇರಿದರೂ ಕೋಣೆ ಸಾಲುವುದಿಲ್ಲ. ಅಷ್ಟು ದೊಡ್ಡ ಜಾತ್ರೆ ನಮಗೆ ಬೇಡ. ನಾವು ಕೇಳುವುದು ಕನ್ನಡದ ಗಣಕ ಕೆಲಸಕ್ಕೇ ಮೀಸಲಾದ ಎರಡು ದಿನದ ಸಭೆ, ಮುನ್ನೂರು ಜನರದ್ದು. ತಂತ್ರಾಂಶ ಬರೆಯುವವರು, ಭಾಷಾ ಪಂಡಿತರು, ಕಾಲೇಜು ಹುಡುಗರು ಒಟ್ಟಿಗೆ ಕೂರುವಂಥದ್ದು.

ಅದು ಇಲ್ಲೇ ಏಕೆ? ಈಗ ಗಣಕಕ್ಕೆ ಕಿವಿ ಬಂದಿದೆ. ಮಾತನಾಡಿದರೆ ಬರೆದುಕೊಳ್ಳುತ್ತದೆ, ಅನುವಾದ ಮಾಡುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂಬ ವ್ಯವಸ್ಥೆಯನ್ನೇ ಶುರುಮಾಡಿತು. ಇಂಥ ಯಂತ್ರ ಕಲಿಯುವುದು ತಾನು ಕೇಳಿದ ದನಿಗಳಿಂದ. ಕೇಳದ ಮಾತಿನ ಮುಂದೆ ತಡವರಿಸುತ್ತದೆ. "ಏನ್ ಮಾಡ್ಲತ್ತೀರಿ?" ಎಂದು ಕೇಳುವ ನಮ್ಮ ಅವ್ವಂದಿರ ಮಾತು, ಉರ್ದು, ಮರಾಠಿ, ತೆಲುಗು ಬೆರೆತ ಸಂತೆಯ ಮಾತು ಅದರ ಕಿವಿಗೆ ಬೀಳಬೇಡವೇ? ನಾಳೆ ರೇಷನ್ನು, ಪಿಂಚಣಿ ಎಲ್ಲ ಬಾಯಿಮಾತಿನ ಅರ್ಜಿಯಾದರೆ, ಯಂತ್ರಕ್ಕೆ ತಿಳಿಯಲೆಂದು ನಮ್ಮ ಮುದುಕರು ಬೆಂಗಳೂರು ಕನ್ನಡ ಕಲಿಯಬೇಕೇನು? ಎಂಜಿನಿಯರು ಇಲ್ಲಿಯ ಸಂತೆಯಲ್ಲಿ ಅರ್ಧ ದಿನ ನಿಂತರೆ ಸಾಕು, ಹವಾನಿಯಂತ್ರಿತ ಸಭಾಂಗಣದಲ್ಲಿ ಸಿಗದ ಪಾಠ ಸಿಗುತ್ತದೆ.

ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ ಹೋದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಚಮ್ಮಾರ ಹರಳಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಸೇರಿದ್ದ ಊರು ಅದು. ಕಸುಬಿನವರ ಸಭೆ ಕಲ್ಯಾಣಕ್ಕೆ ಹೊಸದೇ?

"ಬೆಂಗಳೂರಿನಾಚೆ" ಎಂದು ಸರ್ಕಾರವೇ ಯೋಜನೆ ಮಾಡಿತು. ಮೊದಲು ಕೇಳಿಬಂದದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ಒಳ್ಳೆಯದೇ. ಆಚೆ ಎಂದರೆ ಎಲ್ಲಿಯವರೆಗೆ ಎಂದು ನಾವು ಕೇಳಬೇಕು.

ಬರೀ ಘೋಷಣೆ ಕೂಗಿದರೆ ಸಭೆ ಬರುವುದಿಲ್ಲ. ಆಹ್ವಾನ ಪತ್ರ ಬರೆಯೋಣ. ಅದರಲ್ಲಿ ಲೆಕ್ಕವಿರಲಿ: ಎಷ್ಟು ಲಾಡ್ಜು, ಎಷ್ಟು ಕೋಣೆ, ಯಾವ ಕಾಲೇಜಿನ ಸಭಾಂಗಣ, ಕರೆಂಟು ಹೋದರೆ ಜನರೇಟರ್ ಯಾರದು, ಸ್ಟೇಷನ್ನಿನಿಂದ ಬಸ್ಸು ಎಷ್ಟು ಗಂಟೆಗೆ. ಹುಮನಾಬಾದಿನ ಗೆಳೆಯರು ಕೋಣೆ ಎಣಿಸಲಿ, ಕಲ್ಯಾಣದವರು ಕಾಲೇಜಿಗೆ ಹೋಗಿ ಕೇಳಲಿ. ಬರುವ ಭಾನುವಾರ ಇಲ್ಲೇ ಸೇರಿ ಪತ್ರಕ್ಕೆ ಸಹಿ ಹಾಕೋಣ.